ಹುಳದ ಮನೆಗೆ ಪೌಡರ್ ಆಗದು

ಸೌತೆಕಾಯಿ ಹೆಚ್ಚಲು ಕೂತರೆ ಮೊದಲ ಎರಡು ಬಿಲ್ಲೆ ನನ್ನ ಕಣ್ಣಿಗೆ ಹೋಗುತ್ತವೆ. ಇದು ನಾನು ಯೋಚಿಸಿ ಮಾಡುವ ಕೆಲಸವಲ್ಲ, ಕೈ ತಾನಾಗಿಯೇ ಮಾಡಿಬಿಡುತ್ತದೆ. ಮೊನ್ನೆ ಕೋಸಂಬರಿಗೆಂದು ಹೆಚ್ಚುತ್ತಿದ್ದವಳು ಹೀಗೇ ಅಡುಗೆಮನೆಯ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಎರಡೂ ಕಣ್ಣಿನ ಮೇಲೆ ಬಿಲ್ಲೆ ಇಟ್ಟುಕೊಂಡು ಕೂತಿದ್ದೆ. ನೀರು ಕುಡಿಯಲು ಬಂದ ನಮ್ಮ ಯಜಮಾನರು ಸ್ವಲ್ಪ ಹೊತ್ತು ನೋಡಿ, "ಉಪ್ಪು ಖಾರ ನಾನೇ ಹಾಕ್ಲಾ?" ಎಂದು ಕೇಳಿ ಹೋದರು.

ಕಣ್ಣಿನ ಕೆಳಗಿನ ಕಪ್ಪು ಹೀಗೆ ಮಾಡಿದರೆ ಹೋಗುತ್ತದೆ ಎಂದು ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಪತ್ರಿಕೆ ಹೇಳಿಕೊಟ್ಟಿತ್ತು. ಈಗ ನನಗೆ ಐವತ್ತು ದಾಟಿದೆ. ಕಪ್ಪು ಅಲ್ಲೇ ಇದೆ, ಪತ್ರಿಕೆಯೇ ಹೋಯಿತು. ಅದರ ಹೆಸರು ನಾನು ಹೇಳುವುದಿಲ್ಲ. ನಿಮ್ಮೂರಿಗೂ ಅಂಥದ್ದೊಂದು ಬರುತ್ತಿತ್ತು, ನೀವೂ ಪಾಠದ ಪುಸ್ತಕದ ಒಳಗಿಟ್ಟುಕೊಂಡು ಓದಿದ್ದೀರಿ, ಸುಮ್ಮನೆ ಗೊತ್ತಿಲ್ಲದವರ ಹಾಗೆ ಮುಖ ಮಾಡಬೇಡಿ.

ನಮ್ಮದು ಕೋಲಾರದ ಕಡೆ, ಕ್ಯಾಲನೂರಿನ ಪಕ್ಕದ ಹಳ್ಳಿ. ಆ ಪತ್ರಿಕೆ ಅಲ್ಲಿಗೆ ಬರುತ್ತಿದ್ದದ್ದು ಟೈಲರ್ ರತ್ನಮ್ಮನ ದಯೆಯಿಂದ. ಅವಳು ಅದನ್ನು ಓದಲು ತರಿಸುತ್ತಿರಲಿಲ್ಲ, ರವಿಕೆಯ ಕತ್ತಿನ ಡಿಸೈನು ನೋಡಲು ತರಿಸುತ್ತಿದ್ದಳು. ರತ್ನಮ್ಮ ಹೇಳಿದ ದಿನ ರವಿಕೆ ಕೊಟ್ಟ ಇತಿಹಾಸವೇ ಇಲ್ಲದ್ದರಿಂದ ಅವಳ ಅಂಗಡಿಯ ಬೆಂಚಿನ ಮೇಲೆ ಕೂತು ಕಾಯುವ ಹುಡುಗಿಯರಿಗೆಲ್ಲ ಒಳ್ಳೆಯ ವಿದ್ಯಾಭ್ಯಾಸವಾಗುತ್ತಿತ್ತು. ತೊಂದರೆ ಒಂದೇ. ಅವಳು ಇಷ್ಟವಾದ ಡಿಸೈನನ್ನು ಕತ್ತರಿಯಿಂದ ಕತ್ತರಿಸಿ ಗೋಡೆಗೆ ಅಂಟಿಸುತ್ತಿದ್ದಳು. ಡಿಸೈನಿನ ಹಿಂಬದಿಗೇ ಸರಿಯಾಗಿ ಓದುಗರ ಸಮಸ್ಯೆಗಳ ಪುಟ ಇರುತ್ತಿತ್ತು. ಹೀಗಾಗಿ "ನನ್ನ ಮಾವನ ಮಗ ನನ್ನನ್ನು ನೋಡಿ ಸುಮ್ಮಸುಮ್ಮನೆ ನಗುತ್ತಾನೆ, ಇದರ ಅರ್ಥವೇನು?" ಎಂಬ ಪ್ರಶ್ನೆ ನಮ್ಮ ಕೈಯಲ್ಲಿರುತ್ತಿತ್ತು, ಉತ್ತರ ದೋಣಿ ಕತ್ತಿನ ಆಕಾರದಲ್ಲಿ ಗೋಡೆ ಸೇರಿರುತ್ತಿತ್ತು. ಅಂಥ ಎಷ್ಟೋ ಅನಾಥ ಪ್ರಶ್ನೆಗಳಿಗೆ ನಾವೇ ಬೆಂಚಿನ ಮೇಲೆ ಕೂತು ಉತ್ತರ ಹೇಳಿಕೊಂಡೆವು. ಈಗ ನೆನೆಸಿಕೊಂಡರೆ ನಮ್ಮ ಉತ್ತರಗಳೇ ವಾಸಿಯಿದ್ದವು ಅನ್ನಿಸುತ್ತದೆ.

ಯಾಕೆಂದರೆ ಕತ್ತರಿಗೆ ಸಿಗದೆ ಉಳಿದ ಉತ್ತರಗಳನ್ನೂ ನಾನು ಓದಿದ್ದೇನಲ್ಲ. ಬರೆಯುತ್ತಿದ್ದವಳು ಯಾರೋ ಒಬ್ಬ ಅಕ್ಕ. ಫೋಟೋ ಇಲ್ಲ, ಊರಿಲ್ಲ, ಬರೀ ಅಕ್ಕ. ಬಸ್ಸಿನಲ್ಲಿ ಒಬ್ಬ ದಿನಾ ಮೈಮೇಲೆ ಬೀಳುತ್ತಾನೆ ಎಂದು ಒಬ್ಬಳು ಅತ್ತುಕೊಂಡರೆ, ತಂಗಿ, ನೀನು ಹಾಕುವ ಉಡುಪಿನ ಬಗ್ಗೆ ಒಮ್ಮೆ ಯೋಚಿಸು ಎನ್ನುತ್ತಿದ್ದಳು ಈ ಅಕ್ಕ. ನಮ್ಮ ಬಸ್ಸಿನಲ್ಲಿ ನಾವೆಲ್ಲ ಹಾಕುತ್ತಿದ್ದದ್ದು ಸ್ಕೂಲಿನ ಉದ್ದ ಲಂಗ, ಮೇಲೆ ಪಿನ್ನು ಚುಚ್ಚಿದ ದಾವಣಿ. ಇನ್ನೇನು ಗೋಣಿಚೀಲ ಸುತ್ತಿಕೊಂಡು ಹೋಗಬೇಕಿತ್ತೇ? ಇನ್ನೊಬ್ಬಳು ಓದಲು ಆಸೆ, ಮನೆಯಲ್ಲಿ ಬಿಡುತ್ತಿಲ್ಲ ಎಂದು ಬರೆದರೆ, ಹಿರಿಯರು ಯಾವಾಗಲೂ ನಿನ್ನ ಒಳ್ಳೆಯದನ್ನೇ ಬಯಸುತ್ತಾರೆ, ಬಿಡುವಿನಲ್ಲಿ ಕಸೂತಿ ಕಲಿ ಎಂಬ ಸಮಾಧಾನ. ಆ ಅಕ್ಕ ಎಂದಾದರೂ ಎದುರಿಗೆ ಸಿಕ್ಕಿದರೆ ಅವಳನ್ನು ಸಂಜೆಯ ನಮ್ಮ ಬಸ್ಸಿಗೆ ಹತ್ತಿಸಿ, ಫುಟ್‌ಬೋರ್ಡಿನಿಂದ ಒಳಕ್ಕೆ ತಳ್ಳಬೇಕೆಂದು ನನಗೆ ಇವತ್ತಿಗೂ ಆಸೆ ಇದೆ.

ಸೌಂದರ್ಯದ ಪುಟ ಮಾತ್ರ ನಮಗೆಲ್ಲ ಬಾಯಿಪಾಠ. ಅದರಲ್ಲಿ ಬರುವ ಆಲಿವ್ ಎಣ್ಣೆಯನ್ನು ಕ್ಯಾಲನೂರಿನ ಯಾವ ಅಂಗಡಿಯವನೂ ಕಂಡಿರಲಿಲ್ಲ. ನನ್ನ ಗೆಳತಿಯೊಬ್ಬಳು ಎಣ್ಣೆ ಎಣ್ಣೆಯೇ ಅಲ್ಲವೇ ಎಂದು ಹೊಂಗೆ ಎಣ್ಣೆ ಹಚ್ಚಿಕೊಂಡು ಸ್ಕೂಲಿಗೆ ಬಂದಿದ್ದಳು. ಅವತ್ತು ಮೇಷ್ಟ್ರು ಕಿಟಕಿಯನ್ನೆಲ್ಲ ತೆಗೆಸಿ ಪಾಠ ಮಾಡಿದರು.

ನಮ್ಮ ಮನೆಯ ಕಷ್ಟ ಬೇರೆಯೇ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹಜಾರದ ಪಕ್ಕದ ದೊಡ್ಡ ಕೋಣೆಯೇ ಹುಳದ ಮನೆ, ಅದರ ಯಜಮಾನಿ ನಮ್ಮಜ್ಜಿ. ಹುಳಕ್ಕೆ ವಾಸನೆ ಆಗದು ಎಂಬುದು ಅಜ್ಜಿಯ ಕಾನೂನು, ನಮ್ಮ ಕಡೆ ಎಲ್ಲ ಹುಳದ ಮನೆಗಳ ಕಾನೂನೂ ಅದೇ. ಹುಳ ಬಿದಿರಿನ ತಟ್ಟೆಗೆ ಬಂತೆಂದರೆ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಬಂದ್. ಬೀಡಿ ಸೇದುವ ಚಿಕ್ಕಪ್ಪ ಹೊರಗೆ ಹುಣಸೇಮರದ ಕೆಳಗೆ. ಮಲ್ಲಿಗೆ ಹೂವಿಲ್ಲ, ಪೌಡರ್ ಇಲ್ಲ, ತಲೆಗೆ ವಾಸನೆ ಎಣ್ಣೆ ಇಲ್ಲ. ದೇವರಿಗೂ ಊದುಬತ್ತಿ ಇಲ್ಲ, ಗೂಡು ಮಾರ್ಕೆಟ್ಟಿಗೆ ಹೋಗುವ ತನಕ ಅವನೂ ಬರೀ ದೀಪದಲ್ಲಿ ಸುಧಾರಿಸಿಕೊಳ್ಳಬೇಕು. ಹುಳಕ್ಕೆ ಮೂಗು ಎಲ್ಲಿದೆಯೋ ನನಗೆ ಗೊತ್ತಿಲ್ಲ, ಅಜ್ಜಿಗಂತೂ ಇತ್ತು.

ಹೀಗಾಗಿ ನಮ್ಮ ಮನೆಯಲ್ಲಿ ಸೌಂದರ್ಯಕ್ಕೆ ಒಂದು ಕಾಲ ಅಂತ ಇತ್ತು. ಒಂದು ಬೆಳೆ ಮುಗಿದು, ಹುಳದ ಮನೆ ತೊಳೆದು, ಮುಂದಿನ ಮೊಟ್ಟೆ ತರುವ ತನಕ ಸಿಗುವ ಬಿಡುವೇ ಆ ಕಾಲ. ಅಷ್ಟು ದಿನ ಕೂಡಿಟ್ಟ ಸಲಹೆಗಳನ್ನೆಲ್ಲ ನಾನೂ ನಮ್ಮಕ್ಕ ಮಂಜುಳಾಳೂ ಆಗ ಒಟ್ಟಿಗೆ ಜಾರಿಗೆ ತರುತ್ತಿದ್ದೆವು. ಬೆಳಿಗ್ಗೆ ಮೆಂತ್ಯ, ಮಧ್ಯಾಹ್ನ ನಿಂಬೆಹಣ್ಣು, ಸಂಜೆ ಕಡಲೆಹಿಟ್ಟು. ಇಷ್ಟು ಮೆತ್ತಿಕೊಂಡು ಹಿತ್ತಲಲ್ಲಿ ಕೂತ ನಮ್ಮನ್ನು ನೋಡಿ ಅಜ್ಜಿ, "ಇದೇಮಿ ಖರ್ಮಮ್ಮಾ! ಬಜ್ಜಿ ಕರಿಯೋಕ್ ಎಣ್ಣೆ ಒಂದ್ ಕಮ್ಮಿ" ಎನ್ನುತ್ತಿದ್ದಳು. ಅಜ್ಜಿಗೆ ಸಿಟ್ಟು ಬಂದಾಗಲೂ ನಗು ಬಂದಾಗಲೂ ಅರ್ಧ ಮಾತು ತೆಲುಗಿನಲ್ಲೇ ಬರುತ್ತಿತ್ತು.

ಮೊದಮೊದಲು ಇದೆಲ್ಲ ನಮಗೆ ತಮಾಷೆಯೇ. ಅಕ್ಕನಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ. ಮಾಲೂರಿನ ಕಡೆಯಿಂದ ಒಬ್ಬ ಹುಡುಗನ ಮನೆಯವರು ಅವಳನ್ನು ನೋಡಲು ಬಂದು, ಉಪ್ಪಿಟ್ಟು ತಿಂದು, ಇನ್ನೊಂದು ಸಲ ಹಾಕಿಸಿಕೊಂಡು ತಿಂದು, ಆಮೇಲೆ ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಒಂದು ಚೂರು ಕಮ್ಮಿ ಎಂದು ಹೇಳಿ ಕಳಿಸಿದರು. ನನಗೆ ಅದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ. ಅಕ್ಕ ಕಪ್ಪೇ. ಹಗಲೆಲ್ಲ ಬಿಸಿಲಲ್ಲಿ ನಿಂತು ಹುಳಕ್ಕೆ ಸೊಪ್ಪು ಕೊಯ್ಯುವ ಹುಡುಗಿ ಇನ್ನು ಹೇಗಿರುತ್ತಾಳೆ? ಆದರೆ ಆ ದಿನದಿಂದ ಅವಳು ಪತ್ರಿಕೆ ಓದುವ ರೀತಿಯೇ ಬದಲಾಯಿತು. ಮೊದಲು ನನಗೆ ಓದಿ ಹೇಳಿ ನಗುತ್ತಿದ್ದವಳು ಈಗ ಒಬ್ಬಳೇ ಓದಿಕೊಳ್ಳತೊಡಗಿದಳು.

ಆಗಲೇ ಸರಿಯಾಗಿ ಅದರಲ್ಲಿ ಅಂಥದ್ದೇ ಒಂದು ಪ್ರಶ್ನೆ ಬಂತು. ನಾನು ಕಪ್ಪಗಿದ್ದೇನೆ, ಬಂದ ಸಂಬಂಧಗಳೆಲ್ಲ ವಾಪಸ್ಸು ಹೋಗುತ್ತಿವೆ, ಏನು ಮಾಡಲಿ ಎಂದು ಯಾವುದೋ ಊರಿನ ಹುಡುಗಿ ಬರೆದಿದ್ದಳು. ಪತ್ರಿಕೆಯ ಅಕ್ಕನ ಉತ್ತರ ಹೀಗಿತ್ತು: ತಂಗಿ, ಮನಸ್ಸಿನ ಸೌಂದರ್ಯವೇ ನಿಜವಾದ ಸೌಂದರ್ಯ. ಆದರೂ ದಿನಾ ಮುಖಕ್ಕೆ ಹಾಲಿನ ಕೆನೆ ಹಚ್ಚಿ ನೋಡು. ಆ 'ಆದರೂ' ಇದೆಯಲ್ಲ, ಅದರ ಮೇಲೆಯೇ ಆ ಪತ್ರಿಕೆಯ ವ್ಯಾಪಾರವೆಲ್ಲ ನಡೆಯುತ್ತಿತ್ತು. ಪುಟ ತಿರುಗಿಸಿದರೆ ಬೆಳ್ಳಗಾಗುವ ಕ್ರೀಮಿನ ಜಾಹೀರಾತು ಇಡೀ ಪುಟದ ತುಂಬ ನಗುತ್ತಿರುತ್ತಿತ್ತು.

ಕೆನೆಗೆ ವಾಸನೆಯಿಲ್ಲ, ಹುಳಕ್ಕೆ ತೊಂದರೆಯಿಲ್ಲ ಎಂದು ಅಕ್ಕ ಶುರು ಮಾಡಿಯೇಬಿಟ್ಟಳು. ಆದರೆ ನಮ್ಮ ಹಾಲೆಲ್ಲ ಹೋಗುತ್ತಿದ್ದದ್ದು ಡೈರಿಗೆ. ಸಂಜೆ ಕರೆದು ತಣ್ಣಗಿಟ್ಟ ಹಾಲಿನ ಮೇಲುಭಾಗವನ್ನು ಅವಳು ಮೆಲ್ಲಗೆ ಬಸಿದುಕೊಳ್ಳತೊಡಗಿದಳು. ಡೈರಿಯ ಸೆಕ್ರೆಟರಿ ಕೊಬ್ಬು ಅಳೆದು ನೋಡಿ, "ಏನಮ್ಮಾ, ಈ ನಡುವೆ ನಿಮ್ ಹಸು ಹಾಲು ತೆಳ್ಳಗಾಗ್ತಾ ಐತೆ, ಹಿಂಡಿ ಹಾಕ್ತಿಲ್ವಾ?" ಎಂದು ಅಮ್ಮನನ್ನು ಕೇಳಿದ. ಅಮ್ಮ ಗಾಬರಿಯಾಗಿ ಹಸುವಿಗೆ ಹಿಂಡಿ ಜಾಸ್ತಿ ಮಾಡಿದಳು. ಹಸು ದಪ್ಪಗಾಯಿತು, ಅಕ್ಕನ ಮುಖಕ್ಕೆ ರಾತ್ರಿಯೆಲ್ಲ ಇರುವೆ ಹತ್ತಿತು, ಬಣ್ಣ ಮಾತ್ರ ಯಾರದೂ ಬದಲಾಗಲಿಲ್ಲ.

ಅಷ್ಟರಲ್ಲಿ ಮುಳಬಾಗಿಲ ಕಡೆಯಿಂದ ಇನ್ನೊಂದು ಸಂಬಂಧ ಬಂತು. ಈ ಸಲ ಅಕ್ಕ ಯಾವುದನ್ನೂ ಅದೃಷ್ಟಕ್ಕೆ ಬಿಡಲು ತಯಾರಿರಲಿಲ್ಲ. ನೋಡಲು ಬಂದಾಗ ಹುಡುಗಿ ಹೇಗಿರಬೇಕೆಂದು ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು. ಕೇಳಿದ್ದಕ್ಕೆ ಮಾತ್ರ ಉತ್ತರಿಸಿ. ಹಲ್ಲು ಕಾಣದಂತೆ ನಗಿ. ಭಾವೀ ಅತ್ತೆಯ ಸೀರೆಯನ್ನು ಮೆಚ್ಚಿಕೊಳ್ಳಿ. ಹಿತಮಿತವಾದ ಸುಗಂಧ ನಿಮ್ಮ ಸುತ್ತ ಸುಳಿಯುತ್ತಿರಲಿ. ಅಕ್ಕ ಹಲ್ಲು ಮುಚ್ಚಿ ನಗುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು. ನಾನು ಅಜ್ಜಿಯ ಕನ್ನಡಕ ಹಾಕಿಕೊಂಡು ಅತ್ತೆಯಾಗಿ ಕೂತೆ. "ನಿಮ್ಮ ಸೀರೆ ತುಂಬಾ ಚೆನ್ನಾಗಿದೆ ಅತ್ತೆ" ಎಂದು ನನ್ನ ಹರಿದ ಲಂಗವನ್ನು ಅವಳು ಹೊಗಳಿದ್ದು ಇನ್ನೂ ಕಿವಿಯಲ್ಲಿದೆ.

ಎಲ್ಲ ಸರಿಯಾಗಿತ್ತು, ದಿನ ಮಾತ್ರ ಸರಿಯಿರಲಿಲ್ಲ. ಅವರು ಬರುತ್ತೇವೆಂದು ಹೇಳಿ ಕಳಿಸಿದ ದಿನಕ್ಕೆ ಹುಳ ನಾಲ್ಕನೇ ಜ್ವರದಿಂದ ಎದ್ದಿರುತ್ತದೆ. ಹುಳ ತಿನ್ನುವುದು ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂತು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಡೆಯದು. ಅದರಿಂದ ಎದ್ದ ಹುಳ ಹಗಲೂ ರಾತ್ರಿ ಸೊಪ್ಪು ಮೇಯುತ್ತದೆ, ಆಗ ಏನಾದರೂ ಹೆಚ್ಚುಕಮ್ಮಿಯಾದರೆ ಅಷ್ಟೂ ದಿನದ ದುಡಿಮೆ ಗೊಬ್ಬರದ ಗುಂಡಿಗೆ. ಸೊಪ್ಪು ಹಾಕುತ್ತಿದ್ದವಳು ಅಕ್ಕನೇ, ಅವಳ ಕೈ ಹುಳಕ್ಕೆ ಆಗಿಬರುತ್ತದೆ ಎಂದು ಅಜ್ಜಿ ಬೇರೆಯವರನ್ನು ಒಳಗೆ ಬಿಡುತ್ತಿರಲಿಲ್ಲ.

"ಇವತ್ತೊಂದ್ ದಿನ ಮಗು ಮುಖಕ್ಕೆ ಒಂಚೂರ್ ಪೌಡರ್ ಹಾಕ್ಕೊಳ್ಲಿ ಅತ್ತೆ" ಎಂದು ಅಮ್ಮ ಗೋಗರೆದಳು.

"ವದ್ದು!" ಎಂದಳು ಅಜ್ಜಿ ತೆಲುಗಿನಲ್ಲಿ. "ಪೌಡರ್ ಗಿವ್ಡರ್ ಏನೂ ಬೇಡ. ಬರೋರು ಹುಡ್ಗೀನ್ ನೋಡ್ತಾರಾ, ಡಬ್ಬ ನೋಡ್ತಾರಾ?"

ಅಕ್ಕ ಹಿತ್ತಲಲ್ಲಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ತಣ್ಣೀರಲ್ಲಿ ಮುಖ ತೊಳೆದು, ಒಣಗಿದ ತಲೆಯನ್ನೇ ಬಾಚಿ, ಸೀರೆ ಉಟ್ಟುಕೊಂಡಳು. ಸುಗಂಧ ಅಂತ ಅವಳ ಸುತ್ತ ಏನಾದರೂ ಸುಳಿಯುತ್ತಿದ್ದರೆ ಅದು ಹಿಪ್ಪುನೇರಳೆ ಸೊಪ್ಪಿನದು.

ಬಂದವರಲ್ಲಿ ಹುಡುಗ, ಅವನ ಅಪ್ಪ, ಅಮ್ಮ. ಹುಡುಗ ನೆಲ ನೋಡುತ್ತಾ ಕೂತ, ಪತ್ರಿಕೆಯವರು ಅವನಿಗೂ ಏನಾದರೂ ಬರೆದಿದ್ದರೋ ಏನೋ. ಅವನಮ್ಮ ಮಾತ್ರ ಬಾಗಿಲಲ್ಲಿ ಕಾಣಿಸುವ ಮೊದಲೇ ಮೂಗಿಗೆ ತಿಳಿದರು. ಮುಡಿ ತುಂಬ ಮಲ್ಲಿಗೆ, ಕೈಗೆ ಸೆಂಟು, ಮುಖಕ್ಕೆ ಗೋಡೆಗೆ ಸುಣ್ಣ ಬಳಿದಂತೆ ಪೌಡರ್. ಅದು ಕತ್ತಿನ ಹತ್ತಿರ ಬಂದು ನಿಂತುಬಿಟ್ಟಿತ್ತು. ಕಾಫಿ ತಂದ ಅಕ್ಕನನ್ನು ಆಕೆ ಕೆಳಗಿಂದ ಮೇಲಿನವರೆಗೆ ನೋಡಿ, "ಫೋಟೋದಾಗೆ ಇನ್ನೊಂಚೂರ್ ಬೆಳ್ಳಗ್ ಕಾಣ್ತಿದ್ಳು ಹುಡ್ಗಿ" ಎಂದರು. ಅಕ್ಕ ಹಲ್ಲು ಕಾಣದಂತೆ ನಕ್ಕಳು. ನನಗೆ ಆ ನಗು ನೋಡಲಾಗಲಿಲ್ಲ.

ಕಾಫಿ ಮುಗಿಸಿದ ಆಕೆ, "ಹುಳ ಸಾಕಿದೀರಂತೆ, ನಾನು ನೋಡೇ ಇಲ್ಲ" ಎನ್ನುತ್ತಾ ಎದ್ದು, ನೇರ ಹುಳದ ಮನೆಯ ಬಾಗಿಲಿಗೆ ನಡೆದು ಚಿಲಕಕ್ಕೆ ಕೈ ಹಾಕಿಬಿಟ್ಟರು. ಅಮ್ಮನ ಮುಖ ಪೇಲವವಾಯಿತು. ಅಜ್ಜಿಯ ಬಾಯಿ ತೆರೆಯಿತು, ಬೀಗರಾಗುವವರು ಎಂದು ಹಾಗೇ ಮುಚ್ಚಿಕೊಂಡಿತು. ಜೀವಮಾನದಲ್ಲಿ ಅಜ್ಜಿ ಹಾಗೆ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಕ್ಕ ತಟ್ಟೆಯನ್ನು ನನ್ನ ಕೈಗೆ ತುರುಕಿ, ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಎರಡೂ ಕೈ ಬಾಗಿಲ ಚೌಕಟ್ಟಿನ ಮೇಲೆ.

"ಅಮ್ಮಾ, ಒಳಗ್ ಬರ್ಬೇಡಿ."

"ಯಾಕಮ್ಮಾ?"

"ಪೌಡರ್ ವಾಸ್ನೆ ಹುಳಕ್ಕೆ ಆಗಲ್ಲ. ಸೊಪ್ಪು ಮುಟ್ಟಲ್ಲ ಅವು. ನೋಡ್ಲೇಬೇಕು ಅಂದ್ರೆ ತೊಟ್ಟಿ ಹತ್ರ ನೀರೈತೆ. ಹೂವು ತೆಗ್ದಿಟ್ಟು, ಮುಖ ತೊಳ್ಕೊಂಡ್ ಬನ್ನಿ."

ಕೇಳಿದ್ದಕ್ಕೆ ಮಾತ್ರ ಉತ್ತರಿಸಿ ಎಂಬ ನಿಯಮವನ್ನು ಅವಳು ಪಾಲಿಸಿದಳೆಂದೇ ನಾನು ವಾದಿಸುತ್ತೇನೆ. ಆಕೆ ಗಂಡನ ಕಡೆ ನೋಡಿದರು, ಅವರು ನಮ್ಮ ಪರ ವಹಿಸಿಬಿಟ್ಟರು. "ಮೊಹಂ ಕಡುಕ್ಕೊನಿ ರಾ ಪೋ" ಎಂದರು ತೆಲುಗಿನಲ್ಲಿ, "ಹುಳದ ವಿಷ್ಯ ಅದು. ಅವ್ರ ಬೆಳೆ ಹಾಳಾದ್ರೆ ನೀನ್ ಕಟ್ಕೊಡ್ತೀಯಾ?" ಬೇರೆ ದಾರಿಯಿಲ್ಲದೆ ಆಕೆ ಹೂವು ತೆಗೆದಿಟ್ಟು, ತೊಟ್ಟಿಯ ಹತ್ತಿರ ಹೋಗಿ ಕೈ ಮುಖ ತೊಳೆದರು. ಅಮ್ಮ ಟವೆಲ್ ಹಿಡಿದು ನಿಂತಳು. ಮುಖ ಒರೆಸಿಕೊಂಡು ಆಕೆ ಈ ಕಡೆ ತಿರುಗಿದಾಗ ನಾನು ಅಕ್ಕನನ್ನು ನೋಡಿದೆ, ಅಕ್ಕ ನನ್ನನ್ನು ನೋಡಿದಳು. ಆಕೆಯದೂ ಅಕ್ಕನದೂ ಒಂದೇ ಬಣ್ಣ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಜ್ಜಿ ಮಾತ್ರ ಖಾಲಿ ಲೋಟದೊಳಗೆ ಏನೋ ಹುಡುಕುತ್ತಾ ಕೂತಿದ್ದಳು.

ಆಕೆ ಹುಳ ನೋಡಿದರು, ಚೆನ್ನಾಗಿ ಬಂದಿದೆ ಅಂದರು, ಹೋದರು. ಹೋಗುವ ತನಕ ಬಣ್ಣದ ಮಾತು ಎತ್ತಲಿಲ್ಲ. ಕೆಲವು ದಿನ ಬಿಟ್ಟು ಸಂಬಂಧ ತಂದಿದ್ದವರು ಬಂದು, ಬೇಡವಂತೆ, ಹುಡುಗಿ ಬಾಯಿ ಜೋರಂತೆ ಎಂದು ಹೇಳಿದರು. ಅಮ್ಮ ಅಳಲು ಕೂತಳು. ನಾನು ತೋಟಕ್ಕೆ ಓಡಿದೆ. ಅಕ್ಕ ಸೊಪ್ಪಿನ ಕಡ್ಡಿ ಕೊಯ್ಯುತ್ತಿದ್ದಳು.

"ಬೇಡ ಅಂದ್ರಂತೆ ಕಣೇ" ಎಂದೆ.

"ಬಣ್ಣಕ್ಕಾ?"

"ಅಲ್ಲ. ಬಾಯಿಗೆ."

"ಬಣ್ಣ ಅಂತ ಏನೂ ಅನ್ಲಿಲ್ವಾ? ಸರಿಯಾಗ್ ಕೇಳಿಸ್ಕೊಂಡ್ಯಾ?"

"ಬಣ್ಣದ ಸುದ್ದೀನೇ ಇಲ್ಲ ಕಣೇ. ಬರೀ ಬಾಯಿ."

ಅಕ್ಕ ಕುಡುಗೋಲು ಕೆಳಗಿಟ್ಟು ಬದುವಿನ ಮೇಲೆ ಕೂತು ನಗತೊಡಗಿದಳು. ಹಲ್ಲೆಲ್ಲ ಕಾಣುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆಮೇಲೆ ಅವಳು ಕೆನೆ ಬಸಿಯಲಿಲ್ಲ. ಡೈರಿಯ ಸೆಕ್ರೆಟರಿ ಇದ್ದಕ್ಕಿದ್ದಂತೆ ನಮ್ಮ ಹಸುವನ್ನು ಹೊಗಳಲು ಶುರು ಮಾಡಿದ.

ಮುಂದೆ ಅವಳ ಮದುವೆಯಾದದ್ದು ಶ್ರೀನಿವಾಸಪುರದ ಹತ್ತಿರದ ಒಂದು ಮನೆಗೆ. ಅವರೂ ಹುಳದವರೇ. ಆ ಅತ್ತೆ ನೋಡಲು ಬಂದವರು ಹಜಾರಕ್ಕೆ ಬರುವ ಮೊದಲೇ, ಯಾರೂ ಹೇಳದೆ, ತೊಟ್ಟಿಯ ಹತ್ತಿರ ಹೋಗಿ ಕೈಕಾಲು ಮುಖ ತೊಳೆದರು. ಅಲ್ಲಿಗೆ ಮಾತುಕತೆ ಮುಗಿದಂತೆಯೇ ಆಯಿತು. ಈಗ ಆ ಅತ್ತೆಯೂ ಇಲ್ಲ, ಹುಳವೂ ಇಲ್ಲ. ಹಿಪ್ಪುನೇರಳೆ ಕಿತ್ತು ಮಾವಿನ ಗಿಡ ಹಾಕಿ ಬಹಳ ಕಾಲವಾಯಿತು. ಅಲ್ಲಿನ ಹುಳದ ಮನೆಯಲ್ಲಿ ಈಗ ಅಕ್ಕನ ಮಗಳು ದೀಪಾಳ ಸ್ಕೂಟರು ನಿಲ್ಲುತ್ತದೆ.

ದೀಪಾ ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾಳೆ, ಕಂಪನಿ ಬಸ್ಸು ಬಂದು ಕರೆದುಕೊಂಡು ಹೋಗುತ್ತದೆ. ಅವಳು ಪತ್ರಿಕೆ ಓದುವುದಿಲ್ಲ. ಅವಳಿಗೆ ಅದರ ಅವಶ್ಯಕತೆಯೂ ಇಲ್ಲ, ಆ ಪತ್ರಿಕೆಯ ಅಕ್ಕ ಈಗ ಫೋನಿನೊಳಗೆ ಬಂದು ಕೂತಿದ್ದಾಳೆ. ಫೋಟೋ ಒಂದು ಬಂದಿದೆ, ವಯಸ್ಸು ಕಮ್ಮಿಯಾಗಿದೆ, ಅಷ್ಟೇ. ಅಕ್ಕಿ ತೊಳೆದ ನೀರು ಹಚ್ಚಿದರೆ ಮುಖ ಗಾಜಿನಂತೆ ಹೊಳೆಯುತ್ತದಂತೆ. ಕಾಫಿ ಪುಡಿ ಉಜ್ಜಿದರೆ ಇನ್ನೇನೋ ಆಗುತ್ತದಂತೆ. ನಮ್ಮ ಪತ್ರಿಕೆ ತಿಂಗಳಿಗೊಮ್ಮೆ ಬರುತ್ತಿತ್ತು, ನಡುವೆ ಮುಖಕ್ಕೆ ಸ್ವಲ್ಪ ವಿರಾಮ ಸಿಗುತ್ತಿತ್ತು. ಈ ಹುಡುಗಿಗೆ ಬಸ್ಸಿನಲ್ಲಿ ಹೋಗುವಾಗಲೂ ಬರುವಾಗಲೂ ಸಲಹೆ.

ಕಳೆದ ಭಾನುವಾರ ಅವಳನ್ನು ನೋಡಲು ಒಂದು ಮನೆಯವರು ಬರುವವರಿದ್ದರು. ನಾನು ಕೋಲಾರದಿಂದ ಹಿಂದಿನ ದಿನವೇ ಹೋಗಿದ್ದೆ. ಸಂಜೆ ಹುಡುಗನ ತಾಯಿಯ ಫೋನು ಬಂತು. ದೀಪಾ ಸ್ಪೀಕರ್ ಹಾಕಿ ಅಕ್ಕನ ಕೈಗೆ ಕೊಟ್ಟಳು. ಆ ಕಡೆಯಿಂದ ಆಕೆ ಊಟ ತಿಂಡಿ ವಿಚಾರಿಸಿ, ಕಡೆಗೆ ನಗುತ್ತಾ, "ಈಗಿನ ಫೋಟೋ ನಂಬೋ ಹಂಗಿಲ್ಲ ನೋಡಿ. ಹುಡ್ಗಿ ಫೋಟೋದಲ್ಲಿರೋ ಬಣ್ಣಾನೇ ತಾನೇ?" ಎಂದರು. ಅಕ್ಕ "ಬನ್ನಿ, ಬಂದು ನೋಡಿ" ಎಂದು ಫೋನಿಟ್ಟಳು. ದೀಪಾ ಎದ್ದು ಹೋಗಿ ಅಕ್ಕಿ ತೊಳೆದ ನೀರಿನ ಬಟ್ಟಲು ಎತ್ತಿಕೊಂಡಳು. ಅಕ್ಕ ಅವಳನ್ನೇ ನೋಡುತ್ತಿದ್ದಳು. ಆ ಹುಡುಗಿಯ ಮುಖದಲ್ಲಿ ಬದುವಿನ ಮೇಲೆ ಕೂತು ನಗುವುದಕ್ಕೆ ಮೊದಲಿನ ಅಕ್ಕನೇ ನನಗೆ ಕಂಡಳು.

ಮಾರನೆಯ ದಿನ ಅವರ ಕಾರು ಬಂದು ನಿಂತಾಗ ಗೇಟಿನ ಪಕ್ಕದ ನಲ್ಲಿಯ ಹತ್ತಿರ ಅಕ್ಕ ನಿಂತಿದ್ದಳು. ಬಕೆಟ್ಟು ತುಂಬ ನೀರು, ಹೊಸ ಸೋಪು, ಹೆಗಲ ಮೇಲೆ ಟವೆಲ್ಲು.

"ಏನೂ ತಿಳ್ಕೋಬೇಡಿ" ಎಂದಳು, "ಎಲ್ರೂ ಒಂಚೂರ್ ಕೈಕಾಲ್ ಮುಖ ತೊಳ್ಕೊಂಡ್ಬಿಡಿ. ಒಳಗೆ ಹುಳ ಐತೆ. ಪೌಡರ್, ಕ್ರೀಮು, ಸೆಂಟು ಯಾವ್ದೂ ಆಗಲ್ಲ."

ಹುಳ ಎಂದಮೇಲೆ ನಮ್ಮ ಸೀಮೆಯಲ್ಲಿ ಯಾರೂ ಎದುರು ಮಾತಾಡುವುದಿಲ್ಲ. ಹುಡುಗ ತೊಳೆದ, ಅಪ್ಪ ತೊಳೆದರು, ಅತ್ತಿಗೆ ತೊಳೆದಳು, ಫೋನು ಮಾಡಿದ್ದ ತಾಯಿಯೂ ಸೋಪು ಹಾಕಿ ತೊಳೆದರು. ಬಕೆಟ್ಟಿನ ಪಕ್ಕದಲ್ಲಿ ಬೆಳ್ಳನೆಯ ನೀರು ಹರಿದು ಮಾವಿನ ಗಿಡದ ಬುಡಕ್ಕೆ ಹೋಯಿತು. ಎಲ್ಲರೂ ಒದ್ದೆ ಮುಖ ಒರೆಸಿಕೊಂಡು ತಮ್ಮ ತಮ್ಮ ಬಣ್ಣದಲ್ಲಿ ಹಜಾರದಲ್ಲಿ ಸಾಲಾಗಿ ಕೂತರು. ಕಾಫಿ ತಟ್ಟೆ ಹಿಡಿದು ಬಂದ ದೀಪಾ ಬಾಗಿಲಲ್ಲೇ ನಿಂತು ಆ ಸಾಲನ್ನು ನೋಡಿದಳು. ಅವಳ ಮುಖದಲ್ಲಿ ಆಗ ಬಂದ ಹೊಳಪು ಅಕ್ಕಿ ನೀರಿನದಲ್ಲ. ಬಣ್ಣದ ಬಗ್ಗೆ ಅವತ್ತು ಯಾರೂ ಒಂದು ಮಾತೂ ಕೇಳಲಿಲ್ಲ. ಮರುದಿನವೇ ಅವರ ಕಡೆಯಿಂದ ಒಪ್ಪಿಗೆಯೆಂದು ಫೋನು ಬಂತು, ದೀಪಾ ಇನ್ನೂ ಯೋಚನೆ ಮಾಡುತ್ತಿದ್ದಾಳೆ.

ಅವತ್ತು ಅವರ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅಕ್ಕ ನಲ್ಲಿಯ ಹತ್ತಿರ ಟವೆಲ್ಲು ಹಿಂಡುತ್ತಿದ್ದಳು. ನನಗೆ ನಗು ತಡೆಯಲಾಗಲಿಲ್ಲ. "ಲೇ, ಹುಳ ಎಲ್ಲೇ ಐತೆ ನಿಮ್ಮನೇಲಿ? ಒಳಗಿರೋದು ಸ್ಕೂಟರು" ಎಂದೆ.

ಅಕ್ಕ ಟವೆಲ್ಲನ್ನು ಕೊಡವಿ ತಂತಿಯ ಮೇಲೆ ಹರವಿದಳು.

"ಹುಳ ಇಲ್ದಿದ್ರೇನೇ?" ಎಂದಳು. "ಮಗ್ಳಿದಾಳಲ್ಲ ಒಳಗೆ."